ಪುಗ್ಗಾ ಒತ್ತಿದ ಕೈ

ನಾನು ನಿವೃತ್ತನಾದ ದಿನ ಆಸ್ಪತ್ರೆಯವರು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಒಂದು ಫಲಕ ಕೊಟ್ಟರು. ಫಲಕದ ಮೇಲೆ ‘ನೂರಾರು ಜೀವ ಉಳಿಸಿದ ನಮ್ಮ ಪ್ರೀತಿಯ ಬ್ರದರ್‌ಗೆ’ ಎಂದು ಬರೆಸಿದ್ದರು. ಹೆಸರು ಇರಲಿಲ್ಲ. ಹುಬ್ಬಳ್ಳಿಯ ಆ ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ನರ್ಸ್ ಆಗಿದ್ದೆ. ಹೆಣ್ಣುಮಕ್ಕಳಾದರೆ ಸಿಸ್ಟರ್, ಗಂಡಸಾದರೆ ಬ್ರದರ್. ದಾವಲಸಾಬ ಎಂಬ ನನ್ನ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಅಲ್ಲಿ ಮತ್ತೆಲ್ಲೂ ಬಳಕೆಗೆ ಬರಲಿಲ್ಲ. ನನ್ನ ಹೆಂಡತಿ ಫಲಕ ಓದಿ, “ಉಳಿಸಿದ್ದು ಬರದಾರ. ಮನಿಗೆ ಒಯ್ದು ಬಿಟ್ಟು ಬಂದಿದ್ದು ಬರದಿಲ್ಲಲ್ರಿ?” ಎಂದಳು. ಅದಕ್ಕೆ ಫಲಕದಲ್ಲಿ ಜಾಗ ಸಾಲದು ಎಂದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಆ ಬರೆಯದೆ ಬಿಟ್ಟ ಭಾಗವನ್ನು ಬರೆಯುತ್ತಿದ್ದೇನೆ. ದಯಾಮರಣದ ಬಗ್ಗೆ ನಿಮಗೆ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ. ಪರವಾಗಿ ಐದು ಅಂಶ, ವಿರೋಧವಾಗಿ ಐದು ಅಂಶ, ಕೊನೆಗೊಂದು ಉಪಸಂಹಾರ. ಚೆನ್ನಾಗಿ ಬಾಯಿಪಾಠ ಮಾಡಿ. ಪಾಸಾಗಿ ಕೆಲಸಕ್ಕೆ ಬಂದ ಮೇಲೆ ನಿಮಗೆ ಗೊತ್ತಾಗುತ್ತದೆ, ಆ ಹೆಸರಿನ ಕೆಲಸವನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಕೆಲಸವನ್ನು ಮಾತ್ರ ವಾರಕ್ಕೆರಡು ಸಲ ಮಾಡುತ್ತಾರೆ.

ಅದು ಹೇಗೆ ಎಂದರೆ ಹೀಗೆ. ರೋಗಿ ಉಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ನಮ್ಮ ದೊಡ್ಡ ಡಾಕ್ಟರು ಮನೆಯವರನ್ನು ಪಡಸಾಲೆಯ ಮೂಲೆಗೆ ಕರೆಯುತ್ತಿದ್ದರು. ದನಿ ತಗ್ಗಿಸಿ, “ಇನ್ನ ನಮ್ಮ ಕೈಯಾಗ ಏನೂ ಉಳಿದಿಲ್ರಿ. ಮನಿಗೆ ಒಯ್ದ್ರ ನಾಲ್ಕ ಮಂದಿ ಮುಖಾ ನೋಡ್ತಾರ” ಎನ್ನುತ್ತಿದ್ದರು. ಮನೆಯವರು ಕಣ್ಣೊರೆಸಿಕೊಂಡು ಒಪ್ಪುತ್ತಿದ್ದರು. ಆಮೇಲೆ ನಾನು ಒಂದು ಅಚ್ಚು ಹಾಕಿದ ಹಾಳೆ ತರುತ್ತಿದ್ದೆ. ‘ವೈದ್ಯರ ಸಲಹೆಗೆ ವಿರುದ್ಧವಾಗಿ, ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ’ ಎಂದು ಅದರಲ್ಲಿ ಬರೆದಿರುತ್ತಿತ್ತು. ಒಂದು ಸಹಿ, ಐದು ನಿಮಿಷ.

ಒಮ್ಮೆ ಒಬ್ಬ ಯಜಮಾನರು ಹಾಳೆಯನ್ನು ಪೂರ್ತಿ ಓದಿಬಿಟ್ಟರು. ಅಂಥವರು ಅಪರೂಪ. “ಸಾಹೇಬ್ರ, ಒಯ್ರಿ ಅಂದವ್ರು ನೀವ. ಇಲ್ಲಿ ನೋಡಿದ್ರ ನಿಮ್ಮ ಮಾತು ಮೀರಿ ಒಯ್ಯಾಕತ್ತೇವಿ ಅಂತ ಬರದೈತಿ. ನಾವು ಹಿರ್ಯಾರ ಮಾತು ಮೀರೋ ಮಂದಿ ಅಲ್ರಿ” ಎಂದರು. ದೊಡ್ಡ ಡಾಕ್ಟರು ಅವರ ಭುಜ ತಟ್ಟಿ, “ಅದು ಹಂಗ ಬರೀಬೇಕಾಗ್ತದರಿ, ಕಾಯ್ದೆ” ಎಂದರು. ಯಾವ ಕಾಯ್ದೆ ಎಂದು ಯಜಮಾನರೂ ಕೇಳಲಿಲ್ಲ, ಡಾಕ್ಟರೂ ಹೇಳಲಿಲ್ಲ, ನಾನು ಪೆನ್ನು ಕೊಟ್ಟೆ.

ಇದೇ ದೊಡ್ಡ ಡಾಕ್ಟರು ಒಂದು ವಿಚಾರ ಸಂಕಿರಣದಲ್ಲಿ ‘ದಯಾಮರಣಕ್ಕೆ ನಮ್ಮ ಸಂಸ್ಕೃತಿಯಲ್ಲಿ ಜಾಗವಿಲ್ಲ’ ಎಂದು ಮುಕ್ಕಾಲು ಗಂಟೆ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ನಡುವೆ ಅವರ ಫೋನು ನಡುಗಿತು. ಅವರು ಮೈಕಿಗೆ ಕೈ ಅಡ್ಡ ಹಿಡಿದು, “ಹೂಂ, ಸಹಿ ಆಗೇದಲ್ಲ? ಕಳಸ್ರಿ” ಎಂದು ಹೇಳಿ ಮತ್ತೆ ಸಂಸ್ಕೃತಿಗೆ ಮರಳಿದರು. ಅವರು ಕೆಟ್ಟವರೇನಲ್ಲ. ಬಾಯಿಗೊಂದು ಕೈಗೊಂದು ಕೆಲಸ ಕೊಟ್ಟಿದ್ದರು, ಅಷ್ಟೇ. ಆ ಕೈ ನನ್ನದಾಗಿತ್ತು.

ಸಹಿಯಾದ ಮೇಲೆ ಯಂತ್ರದಿಂದ ಬಿಡಿಸಿದ ರೋಗಿಯ ಗಂಟಲಿನ ನಳಿಗೆಗೆ ನಾವೊಂದು ರಬ್ಬರಿನ ಚೀಲ ಸಿಕ್ಕಿಸುತ್ತೇವೆ. ಅದನ್ನು ಕೈಯಿಂದ ಒತ್ತಿ ಬಿಟ್ಟು ಮಾಡಿದರೆ ಉಸಿರು ಹೋಗಿ ಬರುತ್ತದೆ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ನಮ್ಮ ಕಡೆ ಜನ ‘ಪುಗ್ಗಾ’ ಎನ್ನುತ್ತಾರೆ. ಹೊರಗೆ ತೀರಿಕೊಂಡವರನ್ನು ಮನೆಯೊಳಗೆ ತರುವುದಿಲ್ಲ ಎಂಬ ರೂಢಿ ಹಲವು ಮನೆಗಳಲ್ಲಿದೆ. ಆದ್ದರಿಂದ ಹೊಸ್ತಿಲು ದಾಟುವವರೆಗೆ ಜೀವ ಇರಬೇಕು. ಹೆಣ್ಣುಮಕ್ಕಳನ್ನು ಹಳ್ಳಿಯ ದಾರಿಗೆ ಕಳಿಸುವುದು ಬೇಡವೆಂದು ಈ ಕೆಲಸ ಬ್ರದರ್‌ಗೆ. ಆಂಬ್ಯುಲೆನ್ಸಿನಲ್ಲಿ ಕೂತು ಪುಗ್ಗಾ ಒತ್ತುತ್ತಾ ಹೋಗಬೇಕು, ಹೊಸ್ತಿಲು ದಾಟಿಸಬೇಕು, ಬರಬೇಕಾದವರು ಬರುವವರೆಗೆ ಒತ್ತುತ್ತಿರಬೇಕು. ಹಿರಿಯರು ‘ಆತು ಬಿಡ್ರಿ’ ಎಂದ ಮೇಲೆ ಕೈ ಬಿಡಬೇಕು. ಎಷ್ಟೋ ಮನೆಗಳಲ್ಲಿ ನನಗೆ ಚಹಾ ಕೊಟ್ಟಿದ್ದಾರೆ. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ಜೀವ.

ಈಗ ಮುಗದ ಎಂಬ ಹಳ್ಳಿಯ ಈರಪ್ಪಜ್ಜನ ಕಥೆಗೆ ಬರುತ್ತೇನೆ. ಇದನ್ನು ನಮ್ಮ ಆಸ್ಪತ್ರೆಯಲ್ಲಿ ಹೊಸಬರಿಗೆಲ್ಲ ಹೇಳಿ ನಗಿಸುವ ಪದ್ಧತಿ ಇತ್ತು. ನಾನೂ ಬಹಳ ಸಲ ಹೇಳಿ ನಗಿಸಿದ್ದೇನೆ. ಅಜ್ಜನಿಗೆ ಎದೆಯಲ್ಲಿ ಸೋಂಕು, ವಯಸ್ಸು ಎಂಬತ್ತರ ಮೇಲೆ, ಎಚ್ಚರವಿಲ್ಲ. ಪಡಸಾಲೆಯ ಮೂಲೆಯ ಮಾತಾಯಿತು, ಸಹಿಯಾಯಿತು. ನಾನು ಪುಗ್ಗಾ ಒತ್ತುತ್ತಾ ಮುಗದಕ್ಕೆ ಹೋದೆ. ಹೊಸ್ತಿಲು ದಾಟಿಸಿ ಪಡಸಾಲೆಯಲ್ಲಿ ಮಲಗಿಸಿದೆವು. ಬೆಳಗಾವಿ ಕಡೆಯಿಂದ ಮಗಳು ಬರಬೇಕಿತ್ತು. ಅಯ್ಯನವರು ಬಂದು ಹಣೆಗೆ ವಿಭೂತಿ ಹಚ್ಚಿ ಕೂತಿದ್ದರು. ಹೊಲದಲ್ಲಿ, ಕೂರಿಸಿ ಹೂಳುವ ಕುಣಿ ತೋಡಲು ನಾಲ್ಕು ಜನ ಗುದ್ದಲಿ ಹಿಡಿದು ಆಗಲೇ ಹೋಗಿದ್ದರು. ಪ್ರತಿ ಹತ್ತು ನಿಮಿಷಕ್ಕೊಬ್ಬರು ಬಂದು, “ಬ್ರದರ್, ಜೀವ ಐತೇನ್ರಿ?” ಎಂದು ಕೇಳುತ್ತಿದ್ದರು. “ನಾ ಒತ್ತೂತನಕ ಐತ್ರಿ” ಎನ್ನುತ್ತಿದ್ದೆ.

ಮಗಳು ಬಂದಳು, ಬಾಗಿಲಲ್ಲೇ ಅತ್ತಳು, ಬಾಯಿಗೆ ನೀರು ಬಿಟ್ಟಳು. ಹಿರಿಯರು ‘ಆತು ಬಿಡ್ರಿ’ ಎಂದರು. ನಾನು ನಳಿಗೆ ತೆಗೆದು ಕೈಮುಗಿದೆ. ಹೆಂಗಸರು ಅಳಲು ಶುರು ಮಾಡಿದರು. ಅಜ್ಜ ಒಮ್ಮೆ ಕೆಮ್ಮಿ, ಉಸಿರು ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಅಳು ಸಣ್ಣದಾಯಿತು. ಅಯ್ಯನವರು ನನ್ನ ಮುಖ ನೋಡಿದರು, ನಾನು ಅಯ್ಯನವರ ಮುಖ ನೋಡಿದೆ. ಸಂಜೆಯವರೆಗೂ ಅಜ್ಜ ಉಸಿರಾಡುತ್ತಲೇ ಇದ್ದ. ಮೂರನೆಯ ದಿನ ಕಣ್ಣು ಬಿಟ್ಟು, “ಯಾರ ಮನ್ಯಾಗ ಏನೈತಿ? ಇಷ್ಟ ಮಂದಿ ಯಾಕ ಕೂಡೇರಿ? ಚಾ ಮಾಡ್ರಿ” ಎಂದನಂತೆ.

ತೋಡಿದ ಕುಣಿಯನ್ನು ಬರಿದೇ ಬಿಡಬಾರದೆಂದು ತೆಂಗಿನಕಾಯಿ ಇಟ್ಟು ಮುಚ್ಚಿದರು. ಅಜ್ಜ ಎದ್ದು ಓಡಾಡುವಂತಾದ ಮೇಲೆ ಆ ಜಾಗ ನೋಡಲು ಹೋಗಿ, ಎಷ್ಟು ಆಳ ತೋಡಿದ್ದಿರಿ ಎಂದು ಕೇಳಿ, “ನಾ ಕುಂತ್ರ ತಲಿ ಹೊರಗ ಉಳೀತಿತ್ತಲ್ಲೋ ಮಕ್ಕಳ್ರಾ” ಎಂದು ಬೈದನಂತೆ. ಮತ್ತೆ ಎರಡು ಸುಗ್ಗಿ ಕಂಡ.

ದೊಡ್ಡ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪವೂ ಅಳುಕಲಿಲ್ಲ. “ನೋಡಿದೇನ್ ಬ್ರದರ್? ಒಯ್ಯಬ್ಯಾಡ್ರಿ ಅಂತ ನಾವು ಬರದ ಕೊಟ್ಟಿದ್ದಿವಿ. ಹಾಳ್ಯಾಗ ಐತಿ” ಎಂದರು. ಆ ದಿನ ಆ ಹಾಳೆಯ ಮಹಿಮೆ ನನಗೆ ಪೂರ್ತಿ ತಿಳಿಯಿತು. ಸತ್ತರೆ ಮನೆಯವರ ಜವಾಬ್ದಾರಿ, ಬದುಕಿದರೆ ಡಾಕ್ಟರ ದೂರದೃಷ್ಟಿ.

ಈ ಕಥೆಗೆ ನಗದೆ ಇದ್ದವರು ಒಬ್ಬರೇ, ಗಿರಿಜಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಧಾರವಾಡದಲ್ಲಿ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಸಪ್ತಾಪುರದಲ್ಲಿ ನಮ್ಮಪ್ಪನದು ಸ್ಕೂಟರ್ ರಿಪೇರಿ ಅಂಗಡಿ. ಬೆಳಿಗ್ಗೆ ಅದರ ಬಾಗಿಲು ತೆರೆದು ಕಸ ಹೊಡೆದು ಓಡುವಷ್ಟರಲ್ಲಿ ನನಗೆ ದಿನಾ ತಡವಾಗುತ್ತಿತ್ತು. ತಡವಾಗಿ ಬಂದವರು ತರಗತಿಯ ಬಾಗಿಲಲ್ಲಿ ನಿಲ್ಲಬೇಕು. ಅಕ್ಕೋರು, “ಯಾಕೋ ದಾವಲಾ?” ಎಂದು ಕೇಳುವರು. ಸ್ಕೂಟರು, ಪಂಕ್ಚರು, ಅಪ್ಪ ಎಂದು ಏನು ಹೇಳಿದರೂ ಕೇಳಿಸದವರಂತೆ ಹಲಗೆಯ ಮೇಲೆ ಬರೆಯುತ್ತಲೇ ಇರುವರು. “ತಪ್ಪಾತ್ರಿ ಅಕ್ಕೋರ” ಎಂದ ಮೇಲೆ, ಹಿಡಿದ ಸಾಲು ಮುಗಿಸಿ, ತಿರುಗದೆಯೇ “ಒಳಗ ಬಾ” ಎನ್ನುವರು. ಅಲ್ಲಿಗೆ ಆ ತಪ್ಪಿನ ಮಾತು ಮುಗಿಯಿತು. ಮತ್ತೆ ಎತ್ತುತ್ತಿರಲಿಲ್ಲ.

ಅವರು ಮದುವೆಯಾಗಲಿಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ತಮ್ಮ ಶಿವಣ್ಣನ ಸಂಸಾರದೊಡನೆ ಇದ್ದರು. ಶಿವಣ್ಣನದು ಕಾಳಿನ ವ್ಯಾಪಾರ. ಎಂಬತ್ತು ಸಮೀಪಿಸುವಾಗ ಅಕ್ಕೋರಿಗೆ ಶ್ವಾಸಕೋಶ ಬಿಗಿಯುತ್ತಾ ಹೋಗುವ ರೋಗ ಬಂತು. ಔಷಧಿಯಿಲ್ಲ, ಹಿಂದಕ್ಕೆ ಬರುವುದಿಲ್ಲ. ಮನೆಯಲ್ಲೇ ಮೂಗಿಗೆ ಆಕ್ಸಿಜನ್ ಕೊಳವೆ. ನಾನು ರಜೆಯ ದಿನ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ದಿನ ಅವರನ್ನು ನಗಿಸೋಣವೆಂದು ಈರಪ್ಪಜ್ಜನ ಕಥೆ ಹೇಳಿದೆ. ಅವರು ಮೂಗಿನ ಕೊಳವೆ ಸರಿಮಾಡಿಕೊಂಡರು. ಆಮೇಲೆ, “ಅಂವಾ ಉಳದಾ. ಉಳದವರದು ಯಾರು ನೋಡಿದ್ರೋ?” ಎಂದರು.

ಧಾರವಾಡದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಮರಳುವಾಗ ಬೆರಳು ಮಡಿಚಿ ಲೆಕ್ಕ ಹಾಕುತ್ತಾ ಕೂತೆ. ಅಷ್ಟೊಂದು ಹೊಸ್ತಿಲು ದಾಟಿಸಿದ್ದೇನೆ. ಅವರಲ್ಲಿ ಇನ್ನೊಬ್ಬ ಈರಪ್ಪಜ್ಜ ಇದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ಹಾಳೆಗಂತೂ ಗೊತ್ತೇ ಇಲ್ಲ.

ಅಷ್ಟರಲ್ಲಿ ಕಾಲ ಬದಲಾಯಿತು. ವಾಸಿಯಾಗದ ರೋಗಿ ತನಗೆ ಇಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು, ಡಾಕ್ಟರುಗಳ ಎರಡು ಮಂಡಳಿ ಒಂದರ ಮೇಲೊಂದು ಕೂತು ಒಪ್ಪಿದರೆ ಯಂತ್ರ ತೆಗೆಯಬಹುದು ಎಂದು ನ್ಯಾಯಾಲಯ ಹೇಳಿತು, ಸರ್ಕಾರವೂ ಆದೇಶ ಹೊರಡಿಸಿತು. ಅಕ್ಕೋರು ಪತ್ರಿಕೆಯಲ್ಲಿ ಓದಿ ನನ್ನನ್ನು ಕರೆಸಿದರು. ತಮ್ಮ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು: ‘ನನ್ನ ಶ್ವಾಸಕೋಶ ಸೋತಾಗ ಗಂಟಲಿಗೆ ನಳಿಗೆ ಹಾಕಬಾರದು. ಹಾಕಿದ್ದರೆ ತೆಗೆಯಬೇಕು. ನೋವಾಗದಂತೆ ನೋಡಿಕೊಳ್ಳಬೇಕು. ನನ್ನ ಪರವಾಗಿ ಮಾತಾಡುವವನು ದಾವಲಸಾಬ.’

“ಮಾಡೂದಾದ್ರ ನಾಲ್ಕು ಮಂದಿ ಕೂತು, ನೋಡಿ, ಹೆಸರ ಹಾಕಿ ಮಾಡ್ಲಿ. ನಿಮ್ಮ ಪಡಸಾಲಿ ಮೂಲ್ಯಾಗಿನ ಪಿಸುಮಾತು ನನಗ ಬ್ಯಾಡ” ಎಂದರು.

ಅದನ್ನು ನೋಟರಿಯ ಬಳಿ ಒಯ್ದೆವು. ನೋಟರಿ ಎರಡೆರಡು ಸಲ ಓದಿ, “ಅಕ್ಕೋರ, ಇದು ಉಯಿಲೇನೋ ಖರೇ. ಆಸ್ತಿ ಎಲ್ಲೈತ್ರಿ?” ಎಂದರು. ಅಕ್ಕೋರು, “ಉಸರು” ಎಂದರು. ಪ್ರತಿಯನ್ನು ಒಂದು ಸರ್ಕಾರಿ ಕಚೇರಿಗೂ ಕೊಡಬೇಕಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ, ನಾಳೆ ನನಗೂ ಅಲ್ಲಿ ಕೆಲಸವಿದೆ. ಗುಮಾಸ್ತ, “ತೀರಿಕೊಂಡವ್ರು ಯಾರ್ರಿ?” ಎಂದ. “ನಾನ” ಎಂದರು ಅಕ್ಕೋರು. ಆತ ಬಹಳ ವಿಚಾರ ಮಾಡಿ, “ಹಂಗಾದ್ರ ತೀರಿಕೊಂಡ ಮ್ಯಾಲೆ ಬರ್ರಿ” ಎಂದ. ಮೂರು ಮೇಜು ತಿರುಗಿ ಕೊನೆಗೆ ಒಬ್ಬ ಹೆಣ್ಣುಮಗಳು ಠಸ್ಸೆ ಒತ್ತಿ ತೆಗೆದುಕೊಂಡಳು. ಶಿವಣ್ಣನಿಗೆ ಒಂದು ಪ್ರತಿ ಕೊಟ್ಟರೆ ಆತ ಅಪಶಕುನವೆಂದು ಓದದೆಯೇ ದೇವರ ಜಗಲಿಯ ಫೋಟೋ ಹಿಂದೆ ಸಿಕ್ಕಿಸಿದ. ಇನ್ನೊಂದನ್ನು ನಾನು ಆಸ್ಪತ್ರೆಯ ನನ್ನ ಕಪಾಟಿನಲ್ಲಿಟ್ಟೆ.

ಆಸ್ಪತ್ರೆಯಲ್ಲೂ ಒಂದು ನೈತಿಕ ಸಮಿತಿಯಾಯಿತು. ಮೊದಲ ಸಭೆಗೆ ಗಿರಮಿಟ್ಟು, ಮಿರ್ಚಿ ತರಿಸಿದ್ದರು. ಮನುಷ್ಯನ ಘನತೆ ಎಂದರೇನು ಎಂದು ಒಬ್ಬ ನಿವೃತ್ತ ಪ್ರಿನ್ಸಿಪಾಲರು ತುಂಬಾ ಚೆನ್ನಾಗಿ ಹೇಳಿದರು. ‘ರೋಗಿಯ ಇಚ್ಛೆಯನ್ನು ಗೌರವಿಸಲಾಗುವುದು, ಮನೆಯವರು ಒಪ್ಪಿದರೆ, ಆಸ್ಪತ್ರೆಯ ವಕೀಲರು ಒಪ್ಪಿದರೆ’ ಎಂದು ಠರಾವಾಯಿತು. ಚರ್ಚೆಗೆ ಉದಾಹರಣೆಯಾಗಿ ತೆಗೆದುಕೊಂಡಿದ್ದ ರೋಗಿ ಅಷ್ಟರಲ್ಲಿ ತಾನಾಗಿಯೇ ತೀರಿಕೊಂಡಿದ್ದ. ಸಮಿತಿ ಎರಡು ನಿಮಿಷ ಮೌನ ಆಚರಿಸಿ ಚಹಾ ಕುಡಿಯಿತು.

ಇಷ್ಟು ಹೊತ್ತು ಬೇರೆಯವರನ್ನು ಹಂಗಿಸಿದ್ದಾಯಿತು. ಈಗ ನನ್ನದು.

ನನ್ನ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶಿವಣ್ಣ ಅಕ್ಕನನ್ನು ಕಾರಿನಲ್ಲಿ ಮಲಗಿಸಿಕೊಂಡು ನಮ್ಮ ಆಸ್ಪತ್ರೆಗೆ ಓಡಿಬಂದ. “ಬ್ರದರ್! ಅಕ್ಕಗ ಉಸರ ಸಿಗವಲ್ದು!” ಎಂದು ಐಸಿಯು ಬಾಗಿಲಲ್ಲೇ ಕೂಗಿದ. ಅಕ್ಕೋರ ತುಟಿ ನೀಲಿಯಾಗಿತ್ತು. ಎಳೆ ವಯಸ್ಸಿನ ಡಾಕ್ಟರೊಬ್ಬಳು “ಬ್ರದರ್, ಟ್ಯೂಬ್!” ಎಂದಳು. ಅಕ್ಕೋರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಗುರುತು ಹತ್ತಲಿಲ್ಲ ಎನ್ನಲಾರೆ. ನಮ್ಮ ಅಕ್ಕೋರು ಎಂಬುದಕ್ಕೇ ಕೈ ಇನ್ನೂ ಚುರುಕಾಯಿತು. ನಳಿಗೆ ಕೊಟ್ಟೆ, ಹಾಕಿದರು, ಪುಗ್ಗಾ ಸಿಕ್ಕಿಸಿ ಒತ್ತಿದೆ. ತುಟಿಗೆ ಬಣ್ಣ ಬಂತು. ನಳಿಗೆ ಜಾರದಂತೆ ಕೆನ್ನೆಗೆ ಪಟ್ಟಿ ಅಂಟಿಸುವಾಗ ನನ್ನ ಕಪಾಟು ಕಣ್ಣಿಗೆ ಬಿತ್ತು. ಅಲ್ಲಿಂದ ಹತ್ತು ಹೆಜ್ಜೆ ಇರಲಿಲ್ಲ. ಅವರ ಪರವಾಗಿ ಮಾತಾಡಬೇಕಾದವನು ಒಂದು ಮಾತೂ ಆಡಲಿಲ್ಲ. ಓದು ತಲೆಗೆ ಬರುತ್ತದೆ, ಕೈಗೆ ಬರುವುದಿಲ್ಲ. ಇದನ್ನು ನೆನಪಿಡಿ ಮಕ್ಕಳೇ.

ಹಾಕುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ತೆಗೆಯುವುದಕ್ಕೆ ಹನ್ನೊಂದು ದಿನ ಹಿಡಿಯಿತು.

ನಾನು ಪತ್ರ ತೆಗೆದುಕೊಂಡು ದೊಡ್ಡ ಡಾಕ್ಟರ ಮುಂದೆ ನಿಂತೆ. ಅವರು ವಕೀಲರನ್ನು ಕರೆಸಿದರು. ವಕೀಲರು ಓದಿ, ಈ ಪತ್ರ ಎಚ್ಚರ ತಪ್ಪಿದವರಿಗೆ ಮಾತ್ರ, ಇವರಿಗೆ ಎಚ್ಚರವಿದೆ, ಆದ್ದರಿಂದ ಪತ್ರ ನಡೆಯುವುದಿಲ್ಲ ಎಂದರು. ಹಾಗಾದರೆ ಅವರನ್ನೇ ಕೇಳಿರಿ ಎಂದೆ. ನಿದ್ದೆಯ ಔಷಧಿ ಕೊಟ್ಟಿದ್ದೀರಿ, ಆದ್ದರಿಂದ ಅವರ ಮಾತು ನಡೆಯುವುದಿಲ್ಲ ಎಂದರು. ಎಚ್ಚರವಿದ್ದರೆ ಪತ್ರ ಬೇಡ, ಪತ್ರ ಬೇಕಾದರೆ ಎಚ್ಚರ ಬೇಡ. ನಾನು ಮೂವತ್ತು ವರ್ಷ, ನಳಿಗೆ ಕಿತ್ತುಕೊಳ್ಳದಂತೆ ರೋಗಿಗಳ ಕೈ ಕಟ್ಟಿದ್ದೇನೆ, ಇಷ್ಟು ಬಿಗಿಯಾದ ಗಂಟು ನನಗೆ ಹಾಕಲು ಬಂದಿರಲಿಲ್ಲ.

ದೊಡ್ಡ ಡಾಕ್ಟರು ನನ್ನನ್ನು ಪಡಸಾಲೆಯ ಅದೇ ಮೂಲೆಗೆ ಕರೆದರು. “ಇಷ್ಟೆಲ್ಲಾ ಯಾಕೋ ಬ್ರದರ್? ಶಿವಣ್ಣನ ಕಡೆ ಸಹಿ ತಗೋ, ಮಾಳಮಡ್ಡಿಗೆ ಒಯ್ದು ಬಿಡು. ಪುಗ್ಗಾ ಒತ್ತೂದು ನಿನಗೇನ್ ಹೊಸಾದಾ?” ಎಂದರು. ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಐದು ನಿಮಿಷದಲ್ಲಿ ನನ್ನ ತಪ್ಪು ಅಳಿಸಿ ಹೋಗುತ್ತಿತ್ತು.

ಔಷಧಿ ತಗ್ಗಿಸಿದಾಗ ಅಕ್ಕೋರಿಗೆ ಸ್ವಚ್ಛ ಎಚ್ಚರವಾಗುತ್ತಿತ್ತು. ಶಿವಣ್ಣ ತನ್ನ ಮೊಮ್ಮಗಳ ಪಾಟಿ ತಂದುಕೊಟ್ಟಿದ್ದ. ನಾನು ಅವರ ಕೈಗೆ ಬಳಪ ಕೊಟ್ಟು, ಮನೆಗೆ ಒಯ್ಯುವ ದಾರಿ ಇದೆ ಎಂದು ಹೇಳಿದೆ. ಅವರು ನಿಧಾನವಾಗಿ ಬರೆದರು: ‘ಕಳ್ಳರ ಹಾಂಗ ಹೋಗಂಗಿಲ್ಲ.’ ಅಳಿಸಿ ಮತ್ತೆ ಬರೆದರು: ‘ಅರ್ಜಿ ಎಲ್ಲಿತನಕ ಬಂತು?’ ಮರುದಿನದಿಂದ ನಾನು ಹೋದಾಗಲೆಲ್ಲ ಪಾಟಿಯ ಮೇಲೆ ಅದೇ ಪ್ರಶ್ನೆ ಇರುತ್ತಿತ್ತು. ಅವರ ಗಂಟಲಿನಲ್ಲಿ ಪ್ರತಿ ಗಂಟೆಗೆ ಕಫ ಎಳೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಎಳೆಯುವವನು ನಾನೇ. ಆ ಹನ್ನೊಂದು ದಿನ ನಾನು ನನ್ನ ಕೈಯನ್ನು ದ್ವೇಷಿಸಿದೆ.

ಶಿವಣ್ಣ ಮೊದಲು ಒಪ್ಪಲೇ ಇಲ್ಲ. “ಅಕ್ಕನ ಉಸರ ನಿಲ್ಲಸ್ರಿ ಅಂತ ನಾ ಹೆಂಗ ಹೇಳ್ಲಿ ಬ್ರದರ್? ನಾಳೆ ಮಂದಿ ಏನಂತಾರ?” ಎಂದು ಅತ್ತ. ನಾನು, “ಜಗಲಿ ಮ್ಯಾಗ ಇಟ್ಟೀರಲ್ಲ ಶಿವಣ್ಣಾರ, ಅದನ್ನ ಒಮ್ಮಿ ಓದ್ರಿ” ಎಂದೆ. ಮರುದಿನ ಬಂದವನು ನೇರ ದೊಡ್ಡ ಡಾಕ್ಟರ ಕೋಣೆಗೆ ಹೋದ. “ನನಗ ಓದಾಕ ಕಲಿಸಿದಾಕಿ ನಮ್ಮಕ್ಕ. ಆಕಿ ಬರದಿದ್ದನ್ನ ನಾ ಓದಲಿಲ್ಲ. ಈಗ ಓದೇನಿ. ಆಕಿ ಹೇಳಿದಂಗ ಮಾಡ್ರಿ” ಎಂದ. ಅಂದು ಮೊದಲ ಮಂಡಳಿಯ ಮೂವರು ಸಹಿ ಹಾಕಿದರು. ವಕೀಲರು ಪತ್ರವೂ ಇದೆ, ಮಾತೂ ಇದೆ, ಎರಡೂ ಸೇರಿ ಒಂದಾಗಬಹುದು ಎಂದು ದಾರಿ ಕಂಡುಹಿಡಿದರು.

ಎರಡನೆಯ ಮಂಡಳಿಗೆ ಸರ್ಕಾರದ ಕಡೆಯಿಂದ ಒಬ್ಬ ಡಾಕ್ಟರು ಬರಬೇಕಿತ್ತು. ನೇಮಕವಾದ ಶ್ವಾಸಕೋಶದ ಡಾಕ್ಟರು ಮಗಳ ಲಗ್ನಕ್ಕೆ ರಜೆಯಲ್ಲಿದ್ದರು. ಅವರ ಬದಲಿಗೆ ಬಂದವರು ಚರ್ಮರೋಗದವರು. ಪಾಪ, ಪ್ರಾಮಾಣಿಕರು. ಅಕ್ಕೋರ ಎರಡೂ ಕೈ ತಿರುಗಿಸಿ ನೋಡಿ, “ಚರ್ಮಾ ಛಲೋ ಐತ್ರಿ” ಎಂದು ಬರೆದು ಹೋದರು. ಅಕ್ಕೋರು ಪಾಟಿಯ ಮೇಲೆ ‘ಧನ್ಯವಾದ’ ಎಂದು ಬರೆದು ತೋರಿಸಿದರು. ನಳಿಗೆ ಇದ್ದುದರಿಂದ ನಕ್ಕದ್ದು ಭುಜ ಕುಲುಕಿದ್ದರಲ್ಲಿ ಮಾತ್ರ ಗೊತ್ತಾಯಿತು. ಕೊನೆಗೆ ಲಗ್ನ ಮುಗಿಸಿಕೊಂಡು ಆ ಶ್ವಾಸಕೋಶದ ಡಾಕ್ಟರೇ ಬಂದರು. ಒಂದು ತಾಸು ಕೂತು ಎದೆಯ ಎಲ್ಲ ಎಕ್ಸ್‌ರೇ ನೋಡಿದರು. ಆಮೇಲೆ ಅಕ್ಕೋರ ಪಕ್ಕದಲ್ಲಿ ಕೂತು, ನಳಿಗೆ ತೆಗೆದರೆ ಏನಾಗುತ್ತದೆ ಎಂದು ಗೊತ್ತೇ ಎಂದು ಕೇಳಿದರು. ಅವರು ‘ಗೊತ್ತು’ ಎಂದು ಬರೆದರು. ಇನ್ನೊಮ್ಮೆ ಕೇಳಿದರು. ಅವರು ಅದೇ ಶಬ್ದದ ಕೆಳಗೆ ಗೆರೆ ಎಳೆದರು. ನಾನು ನೋಡುತ್ತಾ ನಿಂತಿದ್ದೆ. ಮುಗದದ ಅಜ್ಜನಿಗಾಗಿ ಒಬ್ಬ ಡಾಕ್ಟರೂ ಹೀಗೆ ಒಂದು ತಾಸು ಕೂತಿರಲಿಲ್ಲ. ಕಾಯಿಸಿದ್ದಕ್ಕೆ ಅವರನ್ನೆಲ್ಲ ಬೈಯುತ್ತೇನೆ. ಕೂತು ನೋಡಿದ್ದಕ್ಕೆ ಬೈಯಲಾರೆ.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತೂವರೆಗೆ ನಳಿಗೆ ತೆಗೆದರು. ಕದ ಮುಚ್ಚಲಿಲ್ಲ, ದನಿ ತಗ್ಗಿಸಲಿಲ್ಲ. ಸಂಕಟವಾಗದಂತೆ ಮೊದಲೇ ಮಾರ್ಫಿನ್ ಕೊಟ್ಟಿದ್ದರು. ಪತ್ರದಲ್ಲಿ ನನ್ನ ಹೆಸರಿದ್ದುದರಿಂದ ಅಂದಿನ ಕೆಲಸ ನನ್ನದಲ್ಲ, ಒಬ್ಬ ಸಿಸ್ಟರ್‌ದು. ಒಳಗೆ ಶಿವಣ್ಣ, ಅವನ ಹೆಂಡತಿ, ಸಹಿ ಹಾಕಿದ ಡಾಕ್ಟರುಗಳು. ದೊಡ್ಡ ಡಾಕ್ಟರೂ ಬಂದು ಹಾಸಿಗೆಯ ಬುಡದಲ್ಲಿ ಕೈಕಟ್ಟಿ ನಿಂತಿದ್ದರು. ನಾನು ಗಾಜಿನ ಬಾಗಿಲಿನ ಹೊರಗೆ ನಿಂತೆ. ಒಳಗೆ ಹೋಗಲು ನನಗೆ ಮುಖವಿರಲಿಲ್ಲ.

ಅಕ್ಕೋರು ಕಣ್ಣು ಬಿಟ್ಟು ಒಬ್ಬೊಬ್ಬರನ್ನೇ ನೋಡಿದರು. ಶಿವಣ್ಣನ ತಲೆ ಸವರಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಹನ್ನೊಂದು ದಿನ ನಳಿಗೆ ಉಜ್ಜಿದ ಗಂಟಲು, ದನಿ ಎದ್ದದ್ದೇ ಕಷ್ಟದಿಂದ.

“ಯಾಕೋ ದಾವಲಾ?”

ಹೇಳಲು ನನ್ನ ಬಳಿ ಬಹಳ ಇತ್ತು. ಲಗ್ನದ ರಜೆ, ಚರ್ಮದ ಡಾಕ್ಟರು, ವಕೀಲರ ಗಂಟು, “ಟ್ಯೂಬ್” ಎಂದು ಕೂಗಿದ ಆ ಎಳೆ ಡಾಕ್ಟರು.

“ತಪ್ಪಾತ್ರಿ ಅಕ್ಕೋರ” ಎಂದೆ.

ಅವರು ಕಣ್ಣು ಮುಚ್ಚಿ, ಹಿಡಿದ ಸಾಲು ಮುಗಿಸುವವರಂತೆ, ತಮ್ಮದೇ ಎರಡು ಉಸಿರು ಎಳೆದುಕೊಂಡರು.

“ಒಳಗ ಬಾ” ಎಂದರು.

ನಾನು ಒಳಗೆ ಹೋದೆ. ಮಧ್ಯಾಹ್ನ ಅವರ ಉಸಿರು ತಾನಾಗಿ ನಿಲ್ಲುವವರೆಗೆ ನನ್ನ ಬಲಗೈ ಅವರ ಕೈಯಲ್ಲಿತ್ತು. ಅಂದು ಅದು ಏನನ್ನೂ ಒತ್ತಲಿಲ್ಲ.